ಚಕ್ರದ ಅಳತೆ

ಖಡಕಿ, ಮಂಗಳವಾರ

ಇನ್‌ಸ್ಪೆಕ್ಟರ್ ಸಾಹೇಬರಿಗೆ ಹರಿಣಾಕ್ಷಿ ಶೆಟ್ಟಿಯ ನಮಸ್ಕಾರ.

ನೀವು ಧಾರವಾಡದವರೆಂದು ಕೇಳಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸೈನ್ಯದ ಗೇಟಿನ ಹೊರಗೆ ನಿಲ್ಲಿಸಿರುವ ಹಳೆಯ ವಿಮಾನವನ್ನು ಟೇಪು ಹಿಡಿದು ಅಳೆದಳೆಂದು ನನ್ನ ಮೊಮ್ಮಗಳು ತೃಪ್ತಿಯನ್ನು ನಾಳೆ ವಿಚಾರಣೆಗೆ ಕರೆದಿದ್ದೀರಿ. ನಿನ್ನೆಯಿಂದ ಅವಳು ಊಟ ಮುಟ್ಟಿಲ್ಲ.

ಕಂಪ್ಯೂಟರಿನ ವಿಮಾನದ ಆಟದಲ್ಲಿ ಅವಳು ನಿಜವಾದ ವಿಮಾನಗಳ ತದ್ರೂಪು ಕಟ್ಟುತ್ತಾಳೆ. ಗೇಟಿನ ಈ ವಿಮಾನದ್ದು ಮಾತ್ರ ಆಟದಲ್ಲಿ ಮೇಲೇಳುವಾಗಲೆಲ್ಲ ಮುಗ್ಗರಿಸುತ್ತಿತ್ತು.

"ಚಕ್ರ ಅಂದಾಜಿಗೆ ಹಾಕಿದ್ದು ಅಜ್ಜಿ," ಅಂದಳು.

ನಮ್ಮ ಹೋಟೆಲಿನಲ್ಲಿ ಉಪ್ಪನ್ನೂ ತೂಗಿಯೇ ಹಾಕುವುದು. "ಅಂದಾಜಿನ ಕೆಲಸ ಎಂತಕ್ಕೆ ಮಾರಾಯ್ತಿ? ನಡಿ, ಅಳೆದೇ ಬರುವ," ಎಂದವಳು ನಾನು. ಟೇಪಿನ ಇನ್ನೊಂದು ತುದಿ ಹಿಡಿದವಳೂ ನಾನೇ. ಕಾವಲಿನವರು ಬಂದಾಗ ರಿಕ್ಷಾ ಕರೆಯಲು ಹೋಗಿದ್ದೆ. ಇದನ್ನು ಅವಳು ನಿಮಗೆ ಹೇಳಿಲ್ಲ, ಹೇಳುವುದೂ ಇಲ್ಲ.

ನಾಳೆ ಅವಳ ಬದಲು ನನ್ನನ್ನು ಕೂರಿಸಿಕೊಳ್ಳಿ. ಜೀಪು ಕಳಿಸಬೇಡಿ, ಗಿರಾಕಿಗಳು ನೋಡುತ್ತಾರೆ. ಬೆಳಗಿನ ತಿಂಡಿ ಮುಗಿಸಿ ಹತ್ತು ಗಂಟೆಗೆ ನಾನೇ ನಡೆದು ಬರುತ್ತೇನೆ.

ನಂಬಿಕೆಯಾಗದಿದ್ದರೆ ನೀವು ಜಪ್ತಿ ಮಾಡಿದ ಹಾಳೆ ನೋಡಿ. ಅಳತೆಗಳೆಲ್ಲ ಕನ್ನಡ ಅಂಕೆಯಲ್ಲಿವೆ. ಇಲ್ಲೇ ಮರಾಠಿ ಶಾಲೆಯಲ್ಲಿ ಓದಿದ ತೃಪ್ತಿಗೆ ಕನ್ನಡ ಬರೆಯಲು ಬಾರದು.

ಇಂತಿ,
ಹರಿಣಾಕ್ಷಿ ಶೆಟ್ಟಿ