ನರದ ವೇಷ

ಐರೋಲಿ
ಶುಕ್ರವಾರ, ೧೪ ಆಗಸ್ಟ್ ೨೦೧೫

ಪ್ರೀತಿಯ ಅಮ್ಮಾ,

ಫೋನು ಬಿಟ್ಟು ಕಾಗದ ಬರೆದಳಲ್ಲ ಅಂತ ಗಾಬರಿಯಾಗಬೇಡ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಅಪ್ಪನಿಗೆ ಕೊಟ್ಟುಬಿಡುತ್ತೀ. ಅವರ ಹತ್ತಿರ ಇದನ್ನು ಹೇಳಲು ನನಗೆ ಬಾಯಿಯೇ ಬರುವುದಿಲ್ಲ. ನಿಮ್ಮ ಡೊಂಬಿವಲಿಗೇ ಹೊರಟಿರುವ ಗೆಳತಿ ಮಾನಸಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನೊಬ್ಬಳೇ ಓದು.

ಸೋಮವಾರ ಅಪ್ಪನನ್ನು ಆ ಸ್ಟೆಮ್ ಸೆಲ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ.

ಎಲ್ಲಾ ಆದದ್ದು ಆ ಫೋಟೋದಿಂದ. ನಮ್ಮ ಲ್ಯಾಬಿನಲ್ಲಿ ಇಲಿಯ ಮೂಳೆಮಜ್ಜೆಯ ಕಾಂಡಕೋಶಗಳನ್ನು, ಅದೇ ಸ್ಟೆಮ್ ಸೆಲ್‌ಗಳನ್ನು, ಔಷಧ ಹಾಕಿ ಬೆಳೆಸಿದಾಗ, ಅವು ಬಾಲ ಚಾಚಿ ಥೇಟ್ ನರಕೋಶದ ಹಾಗೇ ಕಂಡವು. ಖುಷಿಗೆ ನಿನಗೆ ವಾಟ್ಸಾಪ್ ಮಾಡಿದೆ. ನೀನೋ, ಪ್ರಿಂಟ್ ಹಾಕಿಸಿ ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿದೆ! ಕೇಳಿದರೆ, ಇಲಿಯದ್ದಲ್ವಾ, ಗಣಪತಿಗೆ ಬೇಕಾದದ್ದೇ ಅಂದೆ. ನಿಶಾ ನರ ಮಾಡಿದ್ದಾಳೆ ಅಂತ ಇಡೀ ಬಿಲ್ಡಿಂಗಿಗೆ ತೋರಿಸಿದೆ. ಕ್ಲಿನಿಕ್ಕಿಗೂ ಒಯ್ದೆ. ಅವರು ನೋಡಿ, ನಾವು ಕೊಡುವುದೂ ಇದನ್ನೇ ಅಂದರಂತೆ. ಎಂಥ ಧೈರ್ಯ ಅವರಿಗೆ! ಅದನ್ನು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅದು ನರ ಅಲ್ಲಮ್ಮಾ. ಆಟದಲ್ಲಿ ರಾಜನ ವೇಷ ಹಾಕಿದವನಿಗೆ ರಾಜ್ಯ ಇರುತ್ತದಾ? ಇದೂ ಅಷ್ಟೇ. ನರದ ಹಾಗೆ ಸುದ್ದಿ ಮುಟ್ಟಿಸುತ್ತದೆಯೋ ಎಂದು ಪರೀಕ್ಷಿಸಿದರೆ ತೆಪ್ಪಗೆ ಬಿದ್ದಿತ್ತು. ಕೆಲವೇ ದಿನದಲ್ಲಿ ಸತ್ತೂ ಹೋಯಿತು. ಮತ್ತೆ ಬೆಳೆಸುತ್ತಿದ್ದೇನೆ, ಇದನ್ನು ಬರೆಯುವ ನಡುವೆಯೂ ಎದ್ದೆದ್ದು ಹೋಗಿ ನೋಡಿ ಬರುತ್ತಿದ್ದೇನೆ. ಇನ್ನೂ ಒಂದು ಇಲಿಗೂ ಕೊಟ್ಟು ನೋಡಿಲ್ಲ, ಮನುಷ್ಯರ ಮಾತು ಎಲ್ಲಿಂದ ಬಂತು?

ದಿವಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಅಪ್ಪನ ಕಾಲಿನ ಸ್ವಾಧೀನ ಹೋಯಿತು, ಕೈ ಉಳಿಯಿತು. ಗಾಲಿಕುರ್ಚಿಯಲ್ಲಿ ಕೂತು ನಿನಗೆ ಕಾಯಿ ತುರಿದು ಕೊಡುತ್ತಾರೆ, ಪೇಪರ್ ಓದುತ್ತಾರೆ, ನನ್ನನ್ನು ಗೇಲಿ ಮಾಡುತ್ತಾರೆ. ಬೆನ್ನುಹುರಿಗೆ ಏನೇನೋ ಚುಚ್ಚಿ ನಂಜಾದರೆ ಉಳಿದ ಕೈಯೂ ಹೋದೀತು. ನನಗೆ ಹೆದರಿಕೆ ಅಮ್ಮಾ, ತುಂಬಾ ಹೆದರಿಕೆ.

ನಿನ್ನ ಅಪ್ಪ ಆಸೆ ಇಟ್ಟುಕೊಂಡಿದ್ದಾರೆ, ಅದಕ್ಕೆ ನಾನು ಕಲ್ಲು ಹಾಕಲಾರೆ ಅಂತ ನೀನು ಅತ್ತದ್ದು ಕಿವಿಯಲ್ಲೇ ಇದೆ. ಕಲ್ಲು ನಾನು ಹಾಕುತ್ತೇನೆ. ಬೈಗಳನ್ನೂ ನಾನೇ ತಿನ್ನುತ್ತೇನೆ. ಹೋಗುವುದಿಲ್ಲ ಅಂತ ನೀನು ನನಗೊಂದು ಮೆಸೇಜ್ ಹಾಕು, ಸಾಕು.

ನಿನ್ನ
ನಿಶಾ

ತಾ.ಕ.: ಬರೆಯಬಾರದೆಂದೇ ಇದ್ದೆ. ನಿನ್ನೆ ನೀನು ದೇವಸ್ಥಾನಕ್ಕೆ ಹೋಗಿದ್ದಾಗ ಅಪ್ಪ ಫೋನು ಮಾಡಿದ್ದರು. ಕಾಲು ಬರುವುದಿಲ್ಲ ಅಂತ ನನಗೆ ಗೊತ್ತುಂಟು ಮಗಾ, ಆದರೆ ಆ ಫೋಟೋ ಬಂದ ಮೇಲೆ ನಿನ್ನ ಅಮ್ಮ ಹಾಡು ಹೇಳಿಕೊಂಡು ಅಡುಗೆ ಮಾಡ್ತಾಳೆ, ಒಂದು ಸೂಜಿ ತಾನೆ, ಚುಚ್ಚಿಸಿಕೊಳ್ತೇನೆ, ಅವಳಿಗೆ ಮಾತ್ರ ಹೇಳ್ಬೇಡ ಅಂದರು.