ಅಟ್ಟ ಸೇರದ ಮೆಷಿನ್

ಜೂನ್ 4, ಬೆಳಿಗ್ಗೆ 6.40

ಮಾಸ್ಕ್ ತೊಳೆದು ಕಿಟಕಿಯ ಸರಳಿಗೆ ನೇತುಹಾಕಿದೆ. ಮೂಗಿನ ಎರಡೂ ಪಕ್ಕ ಪಟ್ಟಿಯ ಗೆರೆ. ಒಂಬತ್ತರವರೆಗೂ ಹೋಗುವುದಿಲ್ಲ. ಇವರು ಚಹಾ ಕೊಡುತ್ತಾ, "ಪೈಲಟ್ ಮೇಡಂ ಲ್ಯಾಂಡ್ ಆದ್ರಾ?" ಅಂದರು. ನಾಲ್ಕು ತಿಂಗಳಿಂದ ಅದೇ ಜೋಕು. ಮದುವೆಯಾಗಿ ನಲವತ್ತು ವರ್ಷವಾದ ಗಂಡನಿಂದ ಹೊಸ ಜೋಕು ಎಲ್ಲಿಂದ ಬರಬೇಕು.

ವಾಟ್ಸಪ್ ಗ್ರೂಪಿನಲ್ಲಿ ಹಾಜರಿ ಶುರುವಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಟ್ಟಿಗೆ ರಾತ್ರಿಪಾಳಿ ಮಾಡಿದ ನಾಲ್ವರು ನಾವು. ಕೆಲಸ ಬಿಟ್ಟು ವರ್ಷಗಳಾದವು, ಅಲ್ಲಿ ಕಳೆದುಕೊಂಡ ನಿದ್ದೆ ಮಾತ್ರ ಯಾರಿಗೂ ವಾಪಸ್ ಬಂದಿಲ್ಲ. ದಿನಾ ಬೆಳಿಗ್ಗೆ ಎಷ್ಟು ಗಂಟೆ ಮಲಗಿದೆವು ಅಂತ ವರದಿ ಒಪ್ಪಿಸುತ್ತೇವೆ. ಮೇಡಂ—ಆಗ ನಮ್ಮ ಸೂಪರ್‌ವೈಸರ್, ನಮ್ಮ ಪಾಲಿಗೆ ಈಗಲೂ—"ನಾಲ್ಕೂವರೆ. ಮಂಡಿನೋವು." ಟ್ರಂಕ್ ಕಾಲ್ ನೋಡುತ್ತಿದ್ದು ಅದೇ ಹೆಸರಾಗಿಹೋದ ಟ್ರಂಕ್—"ಐದು. ಅದರಲ್ಲಿ ಮೂರು ಸಲ ಬಾತ್‌ರೂಮು." ಆಮೇಲೆ ಗುಬ್ಬಿ. "ಮೆಷಿನ್ ಹಾಕ್ಕೊಂಡ್ರೆ ಉಸಿರು ಕಟ್ಟಿದ ಹಾಗಾಗತ್ತೆ. ತೆಗೆದ್ರೆ ನಿಜವಾಗ್ಲೂ ಕಟ್ಟತ್ತೆ. ನಾನೇನ್ ಮಾಡ್ಲಿ?"

ಗುಬ್ಬಿಗೂ ನನಗೂ ಒಂದೇ ಕಾಯಿಲೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವುದು. ರಾತ್ರಿಯಿಡೀ ಕೊಳವೆಯಿಂದ ಮಾಸ್ಕಿಗೆ ಗಾಳಿ ಒತ್ತುವ ಮೆಷಿನ್ ಅವಳಿಗೆ ಹೋದ ವರ್ಷ ಬಂತು, ನನಗೆ ಫೆಬ್ರವರಿಯಲ್ಲಿ.

ಮೇಡಂ ಬರೆದರು: "ಸೊಂಡಿಲು ಹಾಕ್ಕೊಂಡು ಮಲಗೋ ಅಷ್ಟು ವಯಸ್ಸಾಯ್ತಾ ನಿಮಗೆ? ನನಗಿಂತ ಚಿಕ್ಕವರು!" ನಗುವ ಮುಖ ನಾಲ್ಕು. ಆಮೇಲೆ ನನಗೆ: "ನಿನ್ನ ಸೊಂಡಿಲು ಹೇಗಿದೆ?"

ಯಾಕೆ ಹಾಗೆ ಬರೆದೆನೋ. "ಅದು ಅಟ್ಟ ಸೇರಿ ತಿಂಗಳಾಯ್ತು ಮೇಡಂ. ಬೆನ್ನಿಗೊಂದು ದಿಂಬು ಒತ್ತರಿಸಿ ಎಡಮಗ್ಗುಲಿಗೆ ಮಲಗ್ತೀನಿ. ಏಳು ಗಂಟೆ ನಿದ್ದೆ."

ಮೇಡಂ ಚಪ್ಪಾಳೆ ಹಾಕಿದರು. ಮೂರು ಜೊತೆ ಕೈ. ಅರವತ್ತೇಳರಲ್ಲೂ ಆ ಚಪ್ಪಾಳೆಗೆ ಹಿಗ್ಗುತ್ತೇನೆ, ನಾಚಿಕೆಗೇಡು.

ಜೂನ್ 5

ಗುಬ್ಬಿ ನನಗೊಬ್ಬಳಿಗೇ ಮೆಸೇಜ್ ಹಾಕಿದ್ದಾಳೆ. "ಅಕ್ಕಾ, ನಿಜವಾಗ್ಲೂ ಬಿಟ್ಟುಬಿಟ್ಯಾ? ಯಾವ ಥರದ ದಿಂಬು?"

ಆಗಲೇ ಹೇಳಬಹುದಿತ್ತು. ಸುಮ್ಮನೆ ತಮಾಷೆಗೆ ಬರೆದೆ ಕಣೇ ಅಂದಿದ್ದರೆ ಮುಗಿದಿತ್ತು. ಬರೆದದ್ದು—"ಗಟ್ಟಿ ಹತ್ತಿ ದಿಂಬು. ನಿಧಾನಕ್ಕೆ ಅಭ್ಯಾಸ ಆಗತ್ತೆ."

ಇಪ್ಪತ್ತೆರಡು ವರ್ಷದವಳು ಕೆಲಸಕ್ಕೆ ಸೇರಿದಾಗ ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ ಕಲಿಸಿದವಳು ನಾನು. ಅವತ್ತಿನಿಂದ ನನ್ನ ಮಾತೆಂದರೆ ಅವಳಿಗೆ ವೇದವಾಕ್ಯ.

ಜೂನ್ 9

ಗುಬ್ಬಿ ಗ್ರೂಪಿನಲ್ಲಿ ದಿಂಬಿನ ಫೋಟೋ ಹಾಕಿದ್ದಾಳೆ. "ಮೆಷಿನ್ ಬಿಟ್ಟು ನಾಲ್ಕು ದಿನ! ಮುಖದ ಮೇಲೆ ಗೆರೆ ಇಲ್ಲ. ಮಾಸ್ಕ್ ನೋಡಿ ಹೆದರ್ತಿದ್ದ ನಮ್ಮ ಮರಿ ನಿನ್ನೆ ನಡುರಾತ್ರಿ ಎದ್ದು ಬಂದು ನನ್ನ ಪಕ್ಕಾನೇ ಮಲಗಿದ್ಲು. ಎಲ್ಲ ಅಕ್ಕನ ಪುಣ್ಯ."

ಮರಿ ಅಂದರೆ ಮಗನ ಮಗಳು. ಎರಡೂವರೆ ವರ್ಷ. ಮಗ-ಸೊಸೆ ಕೆಲಸಕ್ಕೆ ಹೋದಮೇಲೆ ಇಡೀ ದಿನ ಗುಬ್ಬಿಯೇ ನೋಡಿಕೊಳ್ಳುವುದು.

'ಡಾಕ್ಟರನ್ನ ಒಂದು ಮಾತು ಕೇಳು' ಅಂತ ಟೈಪ್ ಮಾಡಿದೆ. ಅಳಿಸಿದೆ. 'ನೀನು ಕೇಳಿದ್ಯಾ' ಅಂದರೆ? ಒಂದು ಹಾರ್ಟ್ ಹಾಕಿ ಫೋನ್ ಮಗುಚಿಟ್ಟೆ.

ಜೂನ್ 17

ಗುಬ್ಬಿ: "ಎದ್ದ ಕೂಡ್ಲೆ ತಲೆನೋವು. ನಿನ್ನೆ ತರಕಾರಿ ಹೆಚ್ಚುತ್ತಾನೇ ತೂಕಡಿಸಿದೆ, ಬೆರಳು ಉಳಿದಿದ್ದು ಪುಣ್ಯ."

ಟ್ರಂಕ್ ಸೆಕೆ ಅಂದಳು. ಮೇಡಂ ವಯಸ್ಸು ಅಂದರು. ನನಗೆ ಮಾತ್ರ ಗೊತ್ತು. ಬೆಳಗಿನ ತಲೆನೋವು, ಹಗಲ ತೂಕಡಿಕೆ—ನನ್ನ ಡಾಕ್ಟರು ಬೆರಳು ಮಡಚಿ ಹೇಳಿದ್ದ ಲಕ್ಷಣಗಳೇ. ಓದಿದೆ. ನೋಡಿಯೂ ನೋಡದವಳ ಹಾಗೆ ಬಟ್ಟೆ ಮಡಚಲು ಹೋದೆ.

ಜೂನ್ 18

ಇವತ್ತು ಹೇಳಿಬಿಡುತ್ತೇನೆ.

ಜೂನ್ 19

ಹೇಳಲಿಲ್ಲ.

ಜೂನ್ 26, ಸಂಜೆ 5

ಒಲೆ ಆರಿಸಿ ಬಂದು ಬರೆಯುತ್ತಿದ್ದೇನೆ.

ಟ್ರಂಕ್ ಫೋನ್ ಮಾಡಿದ್ದಳು. "ಗುಬ್ಬಿ ಮನೆ ವಿಷ್ಯ ಗೊತ್ತಾಯ್ತೇನೆ?" ಮಧ್ಯಾಹ್ನ ಊಟ ಮಾಡಿಸಿ, ಮಗುವನ್ನು ಆಟಕ್ಕೆ ಬಿಟ್ಟು ಗುಬ್ಬಿ ಕುರ್ಚಿಯಲ್ಲಿ ಕೂತಿದ್ದಾಳೆ. ಕೂತಲ್ಲೇ ನಿದ್ದೆ. ಎಚ್ಚರವಾದಾಗ ಬಾಗಿಲು ಹಾರು ಹೊಡೆದಿದೆ, ಮಗು ಇಲ್ಲ. ಬರಿಗಾಲಲ್ಲಿ ಬೀದಿ ಬೀದಿ ಓಡಿದಳಂತೆ. ಕೊನೆಗೆ ಸಿಕ್ಕಿದ್ದು ದೊಡ್ಡ ರಸ್ತೆಯ ಆಚೆ, ಪಂಕ್ಚರ್ ಅಂಗಡಿಯಲ್ಲಿ. ಆ ಅಂಗಡಿಯವನೇ ಲಾರಿಗೆ ಅಡ್ಡ ನಿಂತು ಮಗುವನ್ನು ಎತ್ತಿಕೊಂಡನಂತೆ. ಮಗುವಿನ ಅಂಗಾಲು ಕುಯ್ದಿದೆ, ಬೇರೇನೂ ಆಗಿಲ್ಲ.

"ಬೇರೇನೂ ಆಗಿಲ್ಲ ಬಿಡು," ಅಂತ ಟ್ರಂಕ್ ಎರಡು ಸಲ ಹೇಳಿದಳು.

ಜೂನ್ 28

ಹೋಗಿಬಂದೆ. ಗುಬ್ಬಿ ಒಳಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದಳು. ಮನೆ ತಣ್ಣಗಿತ್ತು. ಮಗುವನ್ನು ನಿನ್ನೆಯಿಂದ ಶಿಶುವಿಹಾರಕ್ಕೆ ಹಾಕಿದ್ದಾರೆ. ಮಗ ಕೂಗಾಡಿದನಂತೆ. ಸೊಸೆ ಒಂದೇ ಮಾತು ಅಂದಳಂತೆ—"ನಿಮ್ಮನ್ನ ನಂಬಿ ಬಿಟ್ಟು ಹೋಗಿದ್ದೆ ಅತ್ತೆ."

"ಕೂಗಾಡಿದ್ದು ಮರೆತುಹೋಗತ್ತೆ ಅಕ್ಕಾ. ಅದು ಹೋಗಲ್ಲ," ಅಂದಳು ಗುಬ್ಬಿ.

ಮಂಚದ ಕೆಳಗೆ ಮೆಷಿನ್. ಮೇಲೆ ಹಳೆ ಟವೆಲ್ ಹೊದಿಸಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. "ಬಿಟ್ಟಿರೋದು ಮನೇಲಿ ಯಾರಿಗೂ ಹೇಳಿಲ್ಲ. ಎಲ್ರೂ ಮಲಗಿದ ಮೇಲೆ ತೆಗೆದಿಡ್ತಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇರಲ್ಲ ಅಲ್ವಾ? ನೀನೂ ಬಿಟ್ಟು ಚೆನ್ನಾಗೇ ಇದ್ದೀಯಲ್ಲ. ನಾನೇ ಕೆಲಸಕ್ಕೆ ಬಾರದವಳು, ಅಷ್ಟೇ."

ಬಾಯಿ ತೆರೆದೆ. "ಇವತ್ತಿಂದ ಹಾಕ್ಕೋ ಗುಬ್ಬಿ, ಸುಮ್ನೆ ಯಾಕೆ..." ಅಂದೆ. ಅಷ್ಟೇ ಹೊರಟಿದ್ದು. ಬೆನ್ನು ಸವರಿ ಎದ್ದು ಬಂದೆ. ಗೇಟಿನವರೆಗೂ ಬಂದು ಬೀಳ್ಕೊಟ್ಟಳು, ನೀನಾದ್ರೂ ಬಂದ್ಯಲ್ಲ ಅಂತ ಕೈ ಹಿಡಿದುಕೊಂಡಳು. ಆ ಕೈಯಿಂದ ಎರಡು ಏಟು ಹಾಕಿದ್ದರೆ ಹಗುರಾಗುತ್ತಿತ್ತು.

ಜೂನ್ 29, ಬೆಳಿಗ್ಗೆ

ಇವರ ಮುಂದೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು. ಬೈಯಲಿಲ್ಲ. "ರಾತ್ರಿ ಹಾಕ್ಕೊಳ್ಳೋ ಆ ಮಾಸ್ಕು ನಿನ್ನ ಬಾಯಿಗೆ ಹಗಲು ಹೊತ್ತಲ್ಲೂ ಬೇಕಿತ್ತು," ಅಂದರು. ನಗು ಬರಲಿಲ್ಲ, ಅವರಿಗೂ.

ಅವರ ಕೈಲೇ ಫೋಟೋ ತೆಗೆಸಿದೆ. ಮಾಸ್ಕ್ ಹಾಕಿ, ಪಟ್ಟಿ ಬಿಗಿದು, ಪಕ್ಕದಲ್ಲಿ ಮೆಷಿನ್. ಗ್ರೂಪಿಗೆ ಕಳಿಸಿದೆ. ಕೆಳಗೆ ಬರೆದೆ: "ಇದು ಅಟ್ಟ ಸೇರಿಲ್ಲ. ಒಂದು ದಿನಾನೂ ಬಿಟ್ಟಿಲ್ಲ. ದಿಂಬಿನ ಕಥೆ ಸುಳ್ಳು. ಗುಬ್ಬಿ, ನಿನಗೆ ತೂಕಡಿಕೆ ಬಂದಿದ್ದು ನನ್ನ ಮಾತು ಕೇಳಿ ಮೆಷಿನ್ ಬಿಟ್ಟಿದ್ದಕ್ಕೆ. ತಪ್ಪು ನಿನ್ನದಲ್ಲ."

ಹತ್ತು ನಿಮಿಷಕ್ಕೆ ಗುಬ್ಬಿ ಗ್ರೂಪ್ ಬಿಟ್ಟು ಹೋದಳು. ಒಂದಕ್ಷರ ಬರೆಯದೆ.

ಜೂನ್ 30

ಮೇಡಂ ಫೋನ್. "ಅಂಥ ಫೋಟೋ ಎಲ್ಲ ಗ್ರೂಪಿಗೆ ಯಾಕೆ ಹಾಕ್ದೆ? ನೋಡೋಕಾಗಲ್ಲ." ನಿಮ್ಮ ಚಪ್ಪಾಳೆಗೋಸ್ಕರ ಸುಳ್ಳು ಹೇಳಿದೆ ಮೇಡಂ ಅಂದೆ. "ನಾನೆಲ್ಲಿ ಕೇಳಿದ್ದೆ ಸುಳ್ಳು ಹೇಳು ಅಂತ?" ಅಂದರು. ಅದೂ ನಿಜವೇ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು ನನ್ನ ಮಾತು.

ಗುಬ್ಬಿಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಇವರು ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ಒಪ್ಕೊಂಡೆ ಸರಿ. ಯಾರ ಹತ್ರ ಒಪ್ಕೊಂಡೆ? ಅವಳನ್ನ ನಂಬಲ್ಲ ಅಂತಿರೋರು ನಿಮ್ಮ ಗ್ರೂಪಲ್ಲಿ ಇದ್ದಾರಾ?"

ಜೂಲೈ 3

ಗುಬ್ಬಿಯ ಸೊಸೆ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದೆ. ಮಧ್ಯಾಹ್ನ, ಗಿರಾಕಿಗಳು ಇರಲಿಲ್ಲ. ನನ್ನ ಕಣ್ಣು ತೋರಿಸಲು ಬಂದೆ ಅಂದುಕೊಂಡು ಕುರ್ಚಿ ಎಳೆದಳು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳು. ಅವಳ ಮುಖ ನೋಡಲಾರದೆ ಅವನ್ನೇ ನೋಡುತ್ತಾ ಹೇಳಿದೆ. ಎಲ್ಲ. ದಿಂಬು, ತಲೆನೋವು, ನನಗೆ ಗೊತ್ತಿದ್ದೂ ಒಂಬತ್ತು ದಿನ ಸುಮ್ಮನಿದ್ದದ್ದು.

ಕೈಲಿದ್ದ ಫ್ರೇಮನ್ನು ಒರೆಸುತ್ತಲೇ ಇದ್ದಳು. ಆಮೇಲೆ, "ಅತ್ತೆ ಮೆಷಿನ್ ಬಿಟ್ಟಿದ್ದೇ ನಮಗೆ ಗೊತ್ತಿಲ್ಲ ಆಂಟಿ," ಅಂದಳು. "ಟಿವಿ ನೋಡ್ತಾ ಮೈಮರೆತ್ರು ಅಂದ್ಕೊಂಡಿದ್ವಿ. ನಾನು ಅವರಿಗೆ ಎಂಥ ಮಾತಂದೆ ಗೊತ್ತಾ?"

"ಗೊತ್ತಮ್ಮ."

"ಆ ಲಾರಿ ನಿಲ್ಲದೆ ಇದ್ದಿದ್ರೆ?"

ಗಿರಾಕಿ ಬಂದರು, ಎದ್ದಳು. ನನಗೆ ಇರಿ ಅನ್ನಲೂ ಇಲ್ಲ, ಹೋಗಿ ಅನ್ನಲೂ ಇಲ್ಲ. ಸ್ವಲ್ಪ ಹೊತ್ತು ಕೂತಿದ್ದು ಬಂದೆ.

ಜೂಲೈ 13

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಮಾಡಲಿಲ್ಲ.

ಇವತ್ತು ಸೊಸೆಯ ಫೋನ್. ಗುಬ್ಬಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ದಿನಾ ಮೆಷಿನ್ ಹಾಕಿಕೊಳ್ಳುತ್ತಿದ್ದಾಳೆ. ಅಳತೆಗೆ ಸರಿಯಾದ ಬೇರೆ ಮಾಸ್ಕ್ ಕೊಟ್ಟಿದ್ದಾರೆ, ತಲೆನೋವು ಇಳಿದಿದೆ. ಶಿಶುವಿಹಾರದಲ್ಲಿ ಮಗು ತುತ್ತು ಮುಟ್ಟುತ್ತಿಲ್ಲ, ಅಜ್ಜಿ ಅಜ್ಜಿ ಅಂತ ಅಳು. ಸೋಮವಾರದಿಂದ ಮಧ್ಯಾಹ್ನ ಮನೆಗೇ ಕರೆತರುತ್ತಾರೆ.

"ಆದ್ರೆ ಆಂಟಿ, ನಮಗಿನ್ನೂ ಧೈರ್ಯ ಇಲ್ಲ. ಅತ್ತೆಗೂ ಇಲ್ಲ. ಎರಡರಿಂದ ಐದು, ನೀವು ಬಂದು ಜೊತೇಲಿ ಕೂರ್ತೀರಾ? ಸ್ವಲ್ಪ ದಿನ."

"ನಿಮ್ಮತ್ತೆ ಒಪ್ಪಿದ್ಲೇನಮ್ಮ?"

"ಬೇಡ ಅಂದಿಲ್ಲ."

ಜೂಲೈ 15

ಹೋದೆ. ಗುಬ್ಬಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಬಾಗಿಲಿಗೆ ಮೇಲೊಂದು ಹೊಸ ಚಿಲಕ ಹಾಕಿಸಿದ್ದಾರೆ. ಮಗುವಿನ ಅಂಗಾಲಲ್ಲಿ ಗಾಯದ ಹಕ್ಕಳೆ ಉದುರುತ್ತಿದೆ.

ಮೂರೂವರೆಗೆ ಗುಬ್ಬಿ, "ಮರೀ, ಆ ಅಜ್ಜಿಗೆ ಚಹಾ ಬೇಕಾ ಕೇಳು," ಅಂದಳು. ನಾನು ಮೂರಡಿ ದೂರದಲ್ಲೇ ಕೂತಿದ್ದೆ.

ಮಗು ಬಂದು ನನ್ನ ಮಂಡಿ ಹಿಡಿದು, "ಚಾ ಬೇಕಾ?" ಅಂದಿತು.

"ಬೇಕು ಅನ್ನು ಪುಟ್ಟಿ."

"ಬೇಕು ಅನ್ನು," ಅಂತ ಓಡಿಹೋಗಿ ಹಾಗೆಯೇ ಒಪ್ಪಿಸಿತು. ಗುಬ್ಬಿಯ ತುಟಿ ಒಂದು ಕಡೆ ಅಲುಗಿತು. ತಕ್ಷಣ ಅಡುಗೆಮನೆಗೆ ಹೋಗಿಬಿಟ್ಟಳು. ಒಂದು ಕಾಲದಲ್ಲಿ ಊರಿನವರ ಮಾತನ್ನೆಲ್ಲ ತಂತಿಗೆ ತಂತಿ ಸೇರಿಸಿ ದಾಟಿಸಿದವರು ನಾವು. ಈಗ ನಮ್ಮಿಬ್ಬರ ಲೈನಿಗೆ ಈ ಎರಡೂವರೆ ವರ್ಷದ ಆಪರೇಟರ್.

ಜೂಲೈ 18

"ಮರೀ, ಆ ಅಜ್ಜಿಗೆ ಫ್ಯಾನ್ ಕೆಳಗೆ ಕೂತ್ಕೋ ಅನ್ನು."

ಅಷ್ಟೇ. ಆದರೂ ಬರೆದಿಡಬೇಕು ಅನ್ನಿಸಿತು.

ಜೂಲೈ 22, ಸಂಜೆ 6

ಇವತ್ತು ಮಗು ಊಟವಾದದ್ದೇ ಮಲಗಿಬಿಟ್ಟಿತು. ನಡುವೆ ಹೇಳಿ ಕಳಿಸಲು ಯಾರೂ ಇಲ್ಲ. ನಾನು ಗೋಡೆ ನೋಡಿದೆ, ಅವಳು ಚಾಪೆ ನೋಡಿದಳು. ಇಬ್ಬರಿಗೂ ರೆಪ್ಪೆ ಭಾರವಾಗಲಿಲ್ಲ, ಆಶ್ಚರ್ಯ.

ಮಗುವಿನ ಮೇಲಿನ ಹೊದಿಕೆ ಸರಿಮಾಡುತ್ತಾ, ನನ್ನ ಕಡೆ ತಿರುಗದೆ ಗುಬ್ಬಿಯೇ ಶುರು ಮಾಡಿದಳು. "ಮೇಡಂ ಮುಂದೆ ಸುಳ್ಳು ಹೇಳಿದ್ದು ನನಗೆ ಅರ್ಥ ಆಗತ್ತೆ ಅಕ್ಕಾ. ಅವರ ಮುಂದೆ ನಾವೆಲ್ಲ ಸುಳ್ಳು ಹೇಳಿದವರೇ. ಆದ್ರೆ ಮಾರನೇ ದಿನ ನಾನೊಬ್ಳೇ ಕೇಳಿದ್ನಲ್ಲ. ಯಾವ ದಿಂಬು ಅಂತ. ಅಲ್ಲಿ ಯಾರೂ ಇರ್ಲಿಲ್ಲ. ನನ್ನ ಹತ್ರ ಯಾಕೆ?"

ಮಗು ಮಗ್ಗುಲಾಯಿತು. ಇಬ್ಬರೂ ಉಸಿರು ಹಿಡಿದೆವು. ಮತ್ತೆ ಮಲಗಿತು.

"ನಾಳೆ ಹೇಳ್ತೀನಿ," ಅಂದೆ.

"ಯೋಚನೆ ಮಾಡಿ ಹೇಳೋದಾದ್ರೆ ಬೇಡ," ಅಂದಳು. ಆದರೂ ಹೊರಡುವಾಗ ಮೇಲಿನ ಚಿಲಕ ತಾನೇ ತೆಗೆದು, "ಎರಡು ಗಂಟೆಗೆ ಬಾ," ಅಂದಳು. ನನಗೇ, ನೇರವಾಗಿ.

ಬಂದಾಗಿನಿಂದ ಯೋಚಿಸುತ್ತಿದ್ದೇನೆ. ಮರೆತೆ ಅನ್ನಲೇ, ನಾಚಿಕೆ ಅನ್ನಲೇ? ಅದೆಲ್ಲ ಆಮೇಲಿನದು. ಆವತ್ತು ಬೆಳಿಗ್ಗೆ ಅವಳ ಮೆಸೇಜ್ ನೋಡಿದಾಗ ಮೊದಲು ಅನ್ನಿಸಿದ್ದು, ನಿಜ ಬರೆಯಬೇಕೆಂದರೆ, ಇವಳಿಗಿಂತ ನಾನು ಒಂದು ಕೈ ಮೇಲು ಅಂತ.