ಹನ್ನೊಂದು ತಿಂಗಳ ತವರು

ಅಬ್ಬಿಗೆರೆ
14-6-2025

ಪ್ರೀತಿಯ ಫರೀದಾ,

ನೀವೆಲ್ಲ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲವೆಂದು ಸಿಟ್ಟಾಗಿರುತ್ತೀಯ. ಬೈದುಕೋ, ಆದರೆ ಕಾಗದ ಪೂರ್ತಿ ಓದು. ಇಲ್ಲಿ ಫೋನಿನಲ್ಲಿ ಮಾತಾಡಿದರೆ ಕೆಳಗಿನ ಮನೆಗೆ ಕೇಳಿಸುತ್ತದೆ. ಕೆಳಗಿರುವುದು ತಮ್ಮ ಶಿವರಾಮನ ಸಂಸಾರ ಮತ್ತು ಅಮ್ಮ.

ನಮ್ಮವರು ತೀರಿಕೊಂಡ ಮೇಲೆ ಶಿವರಾಮನೇ ಬಂದು ನನ್ನನ್ನು ಕರೆತಂದು ಮೇಲಿನ ಮನೆಯಲ್ಲಿ ಇರಿಸಿದ. ನಾವಿಬ್ಬರೂ ಅವರೆಕಾಯಿ ಕದ್ದು ತಿನ್ನುತ್ತಿದ್ದೆವಲ್ಲ, ಅಪ್ಪನ ಆ ಹೊಲದಲ್ಲೇ ಈಗ ಮೂರು ಮಹಡಿ ಎದ್ದಿದೆ. ಅಪ್ಪ ವಿಲ್ ಬರೆಯದೆ ಹೋದರು. ತಮ್ಮನ ಹತ್ತಿರ ಭಾಗ ಏನು ಕೇಳುವುದು ಎಂಬ ದೊಡ್ಡಸ್ತಿಕೆ ನನಗೆ.

ಬಂದ ವಾರವೇ ಅವನೊಂದು ಛಾಪಾ ಕಾಗದ ತಂದ. "ಅಕ್ಕಾ, ಗ್ಯಾಸ್ ಕನೆಕ್ಷನ್‌ಗೆ ಬಾಡ್ಗೆ ಅಗ್ರಿಮೆಂಟ್ ಕೇಳ್ತಾರೆ. ಸುಮ್ನೆ ಅಡ್ರೆಸ್ ಪ್ರೂಫ್‌ಗೆ. ನಿನ್ ಹತ್ರ ಬಾಡ್ಗೆ ಇಸ್ಕೊತೀನಾ ನಾನು?" ಎಂದ. ನಕ್ಕು ಸಹಿ ಹಾಕಿದೆ. ಹನ್ನೊಂದು ತಿಂಗಳಾದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಒಂದನ್ನೂ ಓದಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದವಳು ನಾನು, ನೆನಪಿದೆಯಾ?

ಹೋದ ತಿಂಗಳು ಬಿಲ್ಡರ್ ಒಬ್ಬ ಬಂದು ಅಳತೆ ಮಾಡಿಕೊಂಡು ಹೋದ. ಮರುದಿನ ಶಿವರಾಮ ಬಾಗಿಲಲ್ಲೇ ನಿಂತು, "ಮನೆ ಕೆಡವ್ತೀವಿ ಅಕ್ಕಾ. ಜುಲೈಗೆ ಅಗ್ರಿಮೆಂಟ್ ಮುಗೀತದೆ, ಬೇರೆ ಮನೆ ನೋಡ್ಕೊ" ಎಂದ. "ನನ್ನ ಭಾಗ?" ಎಂದೆ, ಜೀವನದಲ್ಲಿ ಮೊದಲ ಸಲ.

"ಬಾಡ್ಗೆಯೋರ್‌ಗೆ ಏನ್ ಭಾಗ?" ಎಂದ.

ಬಾಗಲಗುಂಟೆಯ ವಕೀಲರೊಬ್ಬರ ಹತ್ತಿರ ಹೋದೆ. "ಅಪ್ಪನ ಆಸ್ತೀಲಿ ನಿಮಗೂ ಪಾಲಿದೆಯಮ್ಮಾ. ಆದ್ರೆ ಅವರೇ ಮಾಲೀಕರು ಅಂತ ಮೂರು ಸಲ ಒಪ್ಪಿ ಸಹಿ ಹಾಕಿದೀರ. ಬಾಡಿಗೆಗೆ ಬಂದೋರು ಆಮೇಲೆ ಅಲ್ಲ ಅನ್ನೋಕೆ ಕಾನೂನು ಸುಲಭಕ್ಕೆ ಬಿಡಲ್ಲ. ಬರೀ ವಿಳಾಸಕ್ಕೆ ಮಾಡಿದ್ದು ಅಂತ ಮನೆಯವರು ಯಾರಾದ್ರೂ ಹೇಳ್ತಾರಾ?" ಎಂದು ಕೇಳಿದರು. "ನಮ್ಮಮ್ಮ ಹೇಳ್ತಾರೆ" ಎಂದು ಧೈರ್ಯವಾಗಿ ಹೇಳಿ ಬಂದೆ.

ಈ ವಾರದಿಂದ ನನ್ನ ಮನೆಗೆ ನೀರು ನಿಲ್ಲಿಸಿದ್ದಾರೆ. ಬಾಡಿಗೆದಾರರ ನೀರು ನಿಲ್ಲಿಸುವಂತಿಲ್ಲವೆಂದು ಕಾಯ್ದೆಯಿದೆಯಂತೆ. ಅದನ್ನು ಹಿಡಿದು ಹೋದರೆ ನಾನು ಬಾಡಿಗೆಯವಳೆಂದು ನಾಲ್ಕನೇ ಸಲ ಒಪ್ಪಿಕೊಂಡಂತೆ! ಖಾಲಿ ಮಾಡಿದರೆ ಹಕ್ಕು ಬಿಟ್ಟುಕೊಟ್ಟಂತೆ ಎಂಬ ಭಯ. ಬಿಂದಿಗೆ ಹಿಡಿದು ಕೆಳಗಿಳಿಯುತ್ತೇನೆ, ಹತ್ತುತ್ತೇನೆ. ಉಸಿರು ಕಟ್ಟುತ್ತದೆ ಕಣೇ.

ನಿನ್ನ ಮಗಳ ಮದುವೆ ಗೊತ್ತಾಗಿದ್ದು ಕೇಳಿ ತುಂಬಾ ಖುಷಿಯಾಯಿತು. ಅವಳು ನೂರು ಕಾಲ ಸುಖವಾಗಿ ಬಾಳಲಿ. ಯಾರು ಕೊಟ್ಟರೂ ಓದದೆ ಸಹಿ ಹಾಕಬೇಡ ಎಂದು ಅವಳಿಗೆ ಹೇಳು.

ನಿನ್ನ
ರಾಧಾಮಣಿ

ತಾ.ಕ.: ವಕೀಲರಿಗೆ ಕೊಡಲೆಂದು ಈಗಷ್ಟೇ ಮೂರೂ ಅಗ್ರಿಮೆಂಟ್ ತೆಗೆದು ಓದಿದೆ. ಮೂರಕ್ಕೂ ಸಾಕ್ಷಿ ಹಾಕಿರುವುದು ಮುನಿನಾರಾಯಣಮ್ಮ, ನಮ್ಮಮ್ಮ. ಹೆಬ್ಬೆಟ್ಟು ಒತ್ತುತ್ತಿದ್ದವಳನ್ನು ಕೂರಿಸಿಕೊಂಡು, ಸ್ಲೇಟಿನ ಮೇಲೆ ಕೈ ಹಿಡಿದು ಹೆಸರು ಬರೆಯಲು ಕಲಿಸಿದ್ದು ನಾನೇ. ಕೆಳಗೆ ಹೋಗಿ, ಅವನು ಇದನ್ನು ಯಾಕೆ ಬರೆಸಿದ್ದೆಂದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಗೊತ್ತಿತ್ತು ಕಣಮ್ಮಾ, ಏನ್ ಏಳ್ಲಿ? ನಾನೂ ಅವ್ನ ಮನೇಲೇ ಇರ್ಬೇಕಲ್ಲ" ಎಂದಳು.